ದಿನಕ್ಕೊಂದು ಹೆಸರಿನ ವಿಂಡೋ

ಯಶೋದಾ ಬ್ಯಾಗನ್ನು ಇನ್ನೂ ಕೆಳಗಿಟ್ಟಿರಲಿಲ್ಲ, ಆ ಹಾಳು ಸಂದೇಶದ ಡಬ್ಬಿ ಆಗಲೇ ಕಂಪ್ಯೂಟರ್ ಪರದೆಯ ಮೇಲೆ ಹಾಜರಾಗಿತ್ತು: ವಿಂಡೋ ಸಿಗಲಿಲ್ಲ. ಅವಳಿಗೆ ಮೈಯೆಲ್ಲ ಉರಿದುಹೋಯಿತು. ವಿಂಡೋ ಎಲ್ಲಿಗೂ ಹೋಗಿರಲಿಲ್ಲ. ಕಣ್ಣೆದುರಿಗೇ, ಅರ್ಧ ಪರದೆ ತಿಂದುಕೊಂಡು, ಗುಂಡುಕಲ್ಲಿನ ಹಾಗೆ ಕೂತಿತ್ತು.

ಮೂಡಿಗೆರೆಯ ಆ ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಅವಳು ಕಂಪ್ಯೂಟರ್ ಆಪರೇಟರ್. ಬೆಳೆಗಾರರು ಪಾರ್ಚ್‌ಮೆಂಟ್, ಅಂದರೆ ಹೊಟ್ಟು ತೆಗೆಯದ ಕಾಫಿಬೀಜದ ಮೂಟೆ ತಂದಾಗ ಒಂದು ಪ್ರೋಗ್ರಾಂ ತೂಕ ಹಿಡಿದು ಚೀಟಿ ಮುದ್ರಿಸುತ್ತಿತ್ತು. ಅದೇ ತೂಕವನ್ನು ಸ್ಟಾಕಿನ ಪ್ರೋಗ್ರಾಮಿಗೆ ಅವಳೇ ಕೈಯಾರೆ ಹೊಡೆಯಬೇಕಿತ್ತು. ಎರಡು ಪ್ರೋಗ್ರಾಮುಗಳೂ ಮಾತು ಬಿಟ್ಟ ಓರಗಿತ್ತಿಯರಂತೆ ಇದ್ದವು. ಆ ಕೆಲಸಕ್ಕೇ ಅವಳೊಂದು ಸ್ಕ್ರಿಪ್ಟ್, ತಾನಾಗಿ ಓಡುವ ಪುಟ್ಟ ಪ್ರೋಗ್ರಾಂ, ಬರೆದಿದ್ದಳು. ಅದು ವಿಂಡೋದ ನೆತ್ತಿಯ ಮೇಲಿನ ಹೆಸರು ನೋಡಿ ತೂಕದ ಪ್ರೋಗ್ರಾಮನ್ನು ಗುರುತಿಸಿ, ಅಂಕಿ ಎತ್ತಿಕೊಂಡು, ಸ್ಟಾಕಿಗೆ ಹಾಕಬೇಕು. ಹಾಕುತ್ತಿತ್ತು ಕೂಡ. ಆದರೆ ಮಾರನೆಯ ದಿನ ನೆತ್ತಿಯ ಹೆಸರು ಬದಲಾಗಿರುತ್ತಿತ್ತು, ಮತ್ತೆ ವಿಂಡೋ ಸಿಗಲಿಲ್ಲ.

ಇದೇನು ಹುಡುಗಾಟದ ಮಾತಾಗಿರಲಿಲ್ಲ. ಮಲ್ಲಂದೂರಿನ ಹತ್ತಿರ ಎಸ್ಟೇಟಿನ ಕೂಲಿ ಲೈನಿನ ಮನೆಯಲ್ಲಿದ್ದ ಅವಳ ತಾಯಿ ರಾಮಮ್ಮನಿಗೆ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಹಣ್ಣು ಯಾವುದು, ಕಾಯಿ ಯಾವುದು ಎಂದು ತಿಳಿಯದೆ ಹಸಿರು ಕಾಯಿಗಳನ್ನೇ ಬುಟ್ಟಿಗೆ ತುಂಬುತ್ತಾಳೆಂದು ಮೇಸ್ತ್ರಿ ಅವಳನ್ನು ಕುಯ್ಲಿನಿಂದ ಬಿಡಿಸಿದ್ದ. ಚಿಕ್ಕಮಗಳೂರಿನ ಆಸ್ಪತ್ರೆಯಲ್ಲಿ ಆಪರೇಷನ್ನಿಗೆ ಕೊಟ್ಟ ದಿನ ಎರಡು ಸಲ ತಪ್ಪಿಹೋಗಿತ್ತು, ಯಶೋದಾಗೆ ರಜೆ ಸಿಗಲಿಲ್ಲವೆಂದು. ಈ ಸಲ ಶುಕ್ರವಾರ. ಮಾಲೀಕರಾದ ದಿಲೀಪ್ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು.

"ಸೀಸನ್ ಟೈಮಲ್ಲಿ ನಿನ್ನ ಬಿಟ್ರೆ ಯಾರಿದಾರಮ್ಮ? ಆ ಕಂಪ್ಯೂಟರ್ ನೀನಿಲ್ದೆ ನಡೀತದೆ ಅಂತ ಗುರುವಾರ ತೋರ್ಸು. ಶುಕ್ರವಾರ ಹೋಗು."

ಇಷ್ಟಕ್ಕೂ ಹೆಸರು ಬದಲಾಯಿಸುತ್ತಿದ್ದವರು ಯಾರು? ಪಕ್ಕದ ಮೇಜಿನ ಚಂದ್ರಶೇಖರಪ್ಪನವರು, ಅಲ್ಲಿನ ಹಳೆಯ ಮ್ಯಾನೇಜರ್. ಕೈಬರಹದ ಕಾಲದಿಂದಲೂ ಅಲ್ಲಿಯ ಚೀಟಿ ಆ ದಿನದ ದೇವರ ಹೆಸರಿನಿಂದಲೇ ಶುರುವಾಗಬೇಕು. ಬೆಳೆಗಾರರು ಚೀಟಿಯನ್ನು ಕಣ್ಣಿಗೊತ್ತಿಕೊಂಡೇ ಜೇಬಿಗಿಡುವುದು. ಕಂಪ್ಯೂಟರ್ ಬಂತೆಂದು ದೇವರನ್ನು ಬಿಡಲಾಗುತ್ತದೆಯೇ? ತೂಕದ ಪ್ರೋಗ್ರಾಮಿನಲ್ಲಿ ಸಂಸ್ಥೆಯ ಹೆಸರು ಬರೆಯುವ ಜಾಗವೊಂದಿತ್ತು. ಅವರು ದಿನಾ ಬೆಳಿಗ್ಗೆ ಕೈಕಾಲು ತೊಳೆದು ಬಂದು, ಒಂದೇ ಬೆರಳಿನಲ್ಲಿ, ಇಂಗ್ಲಿಷ್ ಅಕ್ಷರಗಳನ್ನು ಹುಡುಕಿ ಹುಡುಕಿ, ಅಲ್ಲಿ ದೇವರ ಹೆಸರು ಒತ್ತುತ್ತಿದ್ದರು. ಅದು ಚೀಟಿಯ ಮೇಲೂ ಬರುತ್ತಿತ್ತು, ವಿಂಡೋದ ನೆತ್ತಿಯ ಮೇಲೂ ಬರುತ್ತಿತ್ತು.

"ಸಾರ್, ಒಂದೇ ಹೆಸರು ಇಟ್ಟುಬಿಡಿ. ನಿಮ್ಮ ದಮ್ಮಯ್ಯ."

"ಸೋಮವಾರ ಕಳಸೇಶ್ವರನ್ನ ಬಿಡ್ಲಾ, ಶನಿವಾರ ಆಂಜನೇಯನ್ನ ಬಿಡ್ಲಾ, ನೀನೇ ಹೇಳು ಮಾರಾಯ್ತಿ."

ಸರಿ, ಇವರ ಹತ್ತಿರ ವಾದ ಮಾಡಿದರೆ ನಾಲಿಗೆ ಸವೆಯುತ್ತದೆ ಅಷ್ಟೆ ಎಂದುಕೊಂಡು ಅವಳು ವಾರದ ದೇವರನ್ನೆಲ್ಲ ಸ್ಕ್ರಿಪ್ಟಿಗೆ ತುಂಬಿದಳು. ಮಂಗಳವಾರ ನೆಟ್ಟಗೆ ನಡೆಯಿತು. ಬುಧವಾರ ಸಂಕಷ್ಟಿ ಬಂತು, ಗಣಪತಿ ಬಂದು ಕೂತ. ವಿಂಡೋ ಸಿಗಲಿಲ್ಲ. ಅವಳು ಕೀಬೋರ್ಡನ್ನು ದೂಡಿ ಹಣೆ ಹಣೆ ಚಚ್ಚಿಕೊಂಡಳು. ಮೂವತ್ತಮೂರು ಕೋಟಿ ದೇವತೆಗಳನ್ನು ಬರೆದು ಮುಗಿಸುವುದು ಯಾವ ಕಾಲಕ್ಕೆ?

"ನಿಮ್ಮ ದೇವ್ರುಗಳು ನನ್ನ ಕೈಲಿ ಉರುಳುಸೇವೆ ಮಾಡಿಸ್ತಾ ಇದಾರೆ ಸಾರ್. ಶುಕ್ರವಾರ ಅವ್ವನ್ನ ಆಸ್ಪತ್ರೆಗೆ ಕರ್ಕೊಂಡು ಹೋಗೋದು ಯಾರು, ಅವ್ರಾ?"

ಅವರು ಕನ್ನಡಕ ತೆಗೆದು ಒರೆಸಿಕೊಂಡು, ಮೂಟೆ ಹೊತ್ತು ಬಂದಿದ್ದ ಲಾರಿಯ ಕಡೆ ಹೋದರು.

ಕೋಪದಲ್ಲೇ ಅವಳು ಯಾವುದು ಕೆಟ್ಟು ನಿಂತಿದೆ ನೋಡೋಣವೆಂದು ಓಡುತ್ತಿರುವ ಪ್ರೋಗ್ರಾಮುಗಳ ಪಟ್ಟಿ ತೆರೆದಳು. ತೂಕದ ಪ್ರೋಗ್ರಾಮಿನ ಕಡತದ ಹೆಸರು ಅಲ್ಲಿ ಮೊದಲಿದ್ದ ಹಾಗೇ ಇತ್ತು. ಗಣಪತಿಯೂ ಅದನ್ನು ಮುಟ್ಟಿರಲಿಲ್ಲ. ಛೆ, ಇಷ್ಟು ದಿನ ಟೋಪಿ ನೋಡಿ ಮನುಷ್ಯನನ್ನು ಹುಡುಕುತ್ತಿದ್ದೆನಲ್ಲ ಎಂದು ಅವಳಿಗೆ ತನ್ನ ಮೇಲೇ ರೇಗಿತು. ಓಡುವ ಪ್ರತಿ ಪ್ರೋಗ್ರಾಮಿಗೂ ಒಂದು ಪ್ರೋಸೆಸ್ ನಂಬರ್ ಇರುತ್ತದೆ, ಅದು ತೆರೆದ ವಿಂಡೋಗಳಿಗೆಲ್ಲ ಅದೇ ನಂಬರ್. ಹೆಸರಿನಿಂದ ವಿಂಡೋ ಹುಡುಕುವುದಲ್ಲ. ಕಡತದಿಂದ ನಂಬರ್, ನಂಬರಿನಿಂದ ವಿಂಡೋ ಹಿಡಿದು, ಇವತ್ತು ನಿನ್ನ ಹೆಸರೇನಪ್ಪಾ ಎಂದು ಅದನ್ನೇ ಕೇಳಬೇಕು.

ಬರೆದಳು. ಓಡಿಸಿದಳು. ಸ್ಕ್ರಿಪ್ಟ್ ಖಾಲಿ ಹೆಸರು ತಂದುಕೊಟ್ಟಿತು. ಒಂದು ಪ್ರೋಗ್ರಾಮಿನ ಬೆನ್ನಿಗೆ ಕಣ್ಣಿಗೆ ಕಾಣದ, ಹೆಸರಿಲ್ಲದ ವಿಂಡೋಗಳೂ ಜೋತುಬಿದ್ದಿರುತ್ತವೆಂದು ತಿಳಿಯುವ ಹೊತ್ತಿಗೆ ಬುಧವಾರ ಮುಗಿದಿತ್ತು. ಗುರುವಾರ ಬೆಳಿಗ್ಗೆ, ಕಾಣಿಸುವ, ಹೆಸರಿರುವ ವಿಂಡೋ ಮಾತ್ರ ಸಾಕೆಂದು ಎರಡು ಸಾಲು ಸೇರಿಸಿದಳು. ಪರದೆಯ ಮೂಲೆಯಲ್ಲಿ ಪುಟ್ಟ ಡಬ್ಬಿಯೊಂದು ಮೂಡಿತು: ಸಿಕ್ಕಿತು, ರಾಘವೇಂದ್ರ ಪ್ರಸನ್ನ. ಸಂಜೆಯವರೆಗೂ ತೂಕ ತಾನಾಗಿ ಸ್ಟಾಕಿಗೆ ಹೋಯಿತು. ದಿಲೀಪ್ ಬಂದು ನೋಡಿ ಹೂಂ ಎಂದರು.

ಶುಕ್ರವಾರ ರಾಮಮ್ಮನನ್ನು ಆಪರೇಷನ್ನಿಗೆ ಒಳಗೆ ಕರೆದುಕೊಂಡು ಹೋದ ಮೇಲೆ ಯಶೋದಾಗೆ ಕೂತಲ್ಲಿ ಕೂರಲಾಗಲಿಲ್ಲ. ಒಳಗಿನ ಚಿಂತೆ ಒಂದು ಕಡೆ, ಸ್ಕ್ರಿಪ್ಟ್ ಕೈಕೊಟ್ಟಿತೇನೋ ಎಂಬ ಚಿಂತೆ ಇನ್ನೊಂದು ಕಡೆ. ಆಸ್ಪತ್ರೆಯೆದುರಿನ ಕಾಯಿನ್ ಫೋನಿಗೆ ರೂಪಾಯಿ ಹಾಕಿದಳು.

"ಸಾರ್, ಮೂಲೇಲಿ ಡಬ್ಬಿ ಬಂದಿದ್ಯಾ?"

"ಬಂದಿದೆ. ಎಲ್ಲ ನಡೀತಾ ಇದೆ," ಎಂದರು ಚಂದ್ರಶೇಖರಪ್ಪ.

"ಏನು ಬರ್ದಿದೆ, ಓದಿ."

"ಅದ್ಯಾಕೆ ಈಗ?"

"ಹೆಸರು ಸರಿಯಾಗಿ ಹಿಡಿದಿದ್ಯಾ ಅಂತ ನಂಗೆ ಗೊತ್ತಾಗ್ಬೇಕಲ್ಲ ಸಾರ್. ಓದಿ." ಈ ಮನುಷ್ಯ ಫೋನಿನಲ್ಲೂ ಜೀವ ತಿನ್ನುತ್ತಾರಲ್ಲ ಎಂದು ಅವಳಿಗೆ ಮತ್ತೆ ಸಿಟ್ಟು ಬಂತು.

ಅವರು ಗಂಟಲು ಸರಿಮಾಡಿಕೊಂಡರು. "ಸಿಕ್ಕಿತು. ಅಮ್ಮ ಅನ್ನಪೂರ್ಣೇಶ್ವರಿ, ರಾಮಮ್ಮನ ಕಣ್ಣು ಕಾಯಿ."

ಯಶೋದಾ ರಿಸೀವರನ್ನು ಕಿವಿಗೆ ಇನ್ನಷ್ಟು ಒತ್ತಿ ಹಿಡಿದಳು. ಆಮೇಲೆ, "ಸಾರ್, ಅದು ಚೀಟಿ ಮೇಲೂ ಬರ್ತದಲ್ಲ," ಎಂದಳು.

"ಬಂದಿದೆ. ಬಂದೋರೆಲ್ಲ ರಾಮಮ್ಮ ಯಾರು ಅಂತ ಕೇಳ್ತಿದಾರೆ. ನಮ್ಮ ಯಶೋದಮ್ಮನ ತಾಯಿ ಅಂದೆ. ಎಲ್ಲ ಚೀಟಿ ಕಣ್ಣಿಗೊತ್ಕೊಂಡೇ ಹೋದ್ರು."

ಅವಳು ಏನಾದರೂ ಬೈಯಬೇಕೆಂದು ಬಾಯಿ ತೆರೆದಳು. ಅಷ್ಟರಲ್ಲಿ ಹಾಕಿದ ರೂಪಾಯಿ ಮುಗಿದು ಫೋನ್ ಕಟ್ಟಾಯಿತು.