ಹದಿನಾರನೆಯ ತಾಯಿಯ ಗುರುತು

ಎಲೆತುಕ್ಕು ರೋಗಕ್ಕೆ ಬೋಜಪ್ಪನವರ ಕಾಫಿ ತೋಟ ಬೋಳಾದಾಗ ಹಸಿರಾಗಿ ಉಳಿದದ್ದು ಹದಿನಾರೇ ಗಿಡ. ಅವುಗಳ ಬೀಜದಿಂದ ತಾಯಿಗೆ ಮೂವತ್ತರಂತೆ ಸಸಿ ಎಬ್ಬಿಸಿದರು. ಮತ್ತೆ ರೋಗ ಬಂದರೆ ಯಾವ ತಾಯಿಯ ಮಕ್ಕಳು ನಿಲ್ಲುತ್ತವೆಂದು ತಾವು ಸಾಯುವುದರೊಳಗೆ ತಿಳಿಯಬೇಕು ಎನ್ನುವುದು ಅವರ ಹಟ. ಮಣ್ಣು, ನೆರಳಿನ ಭೇದ ಬಾರದಂತೆ ಸಸಿಗಳನ್ನು ಬೆರೆಸಿ ನೆಡಬೇಕು. ಆದ್ದರಿಂದ ಪ್ರತಿಯೊಂದಕ್ಕೂ ತಾಯಿಯ ಗುರುತು ಕಟ್ಟಲೇಬೇಕು.

ಕೊಡಗು ಮೈಸೂರಿಗೆ ಸೇರಿದ ಮರುವರ್ಷ ಅದು. ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ನಾನು, ಓದಿದವನೆಂಬ ಜಂಬ ಬೇರೆ. ಹುದಿಕೇರಿಯ ಮಳೆಗೆ ಬಣ್ಣ ನಿಲ್ಲುವುದಿಲ್ಲ, ಮರದ ಚೂರಿಗೆ ಗೆದ್ದಲು. ಸೀಮೆಎಣ್ಣೆ ಡಬ್ಬ ಬಿಚ್ಚಿ, ತಗಡಿನ ಮೇಲೆ ಮೊಳೆಯಿಂದ ಅಂಕಿ ಗೀಚತೊಡಗಿದೆ. ಮುಂದೆ ತಾಯಂದಿರು ಸಾವಿರವಾದರೂ ಸಾಲಲಿ ಎಂದು ಎಲ್ಲಕ್ಕೂ ನಾಲ್ಕು ಅಂಕಿ: ಸೊನ್ನೆ ಸೊನ್ನೆ ಸೊನ್ನೆ ಒಂದು. ಅಂಗೈಯಗಲದ ತೊಂಬತ್ತು ತುಂಡಿಗೆ ಡಬ್ಬ ಮುಗಿಯಿತು. ಗೋಣಿಕೊಪ್ಪಲಿನಲ್ಲೂ ತಗಡಿಲ್ಲ. ಮಳೆ ಹಿಡಿದಿತ್ತು, ಸಸಿಯ ಬುಟ್ಟಿಗಳಲ್ಲಿ ಬೇರು ಸುತ್ತಿಕೊಳ್ಳುತ್ತಿತ್ತು. ಕಂಡಕಂಡವರ ಮೇಲೆ ರೇಗಿದೆ.

ಬುಟ್ಟಿ ಹೊರುತ್ತಿದ್ದ, ಕೂಲಿಯಾಳುಗಳ ಲೈನುಮನೆಯ ಮುದ್ದಿ, ಹದಿನಾರು ಅವ್ವಂದಿರಿಗೆ ಇಷ್ಟು ಜಾಗವೇಕೆ, ಕೂಸು ಹುಟ್ಟುವ ಮುನ್ನ ಕುಲಾವಿಯೇ ಎಂದು ನಕ್ಕಳು. ಅಕ್ಷರ ಬಾರದವಳಿಂದ ಪಾಠವೇ ಎಂದು ಗೊಣಗಿದೆ. ಅವಳು ಲೈನಿಗೆ ಹೋಗಿ ಒಂದು ಕೋಳಿ ಹಿಡಿದು ತಂದಳು. ಅದರ ಬೆರಳುಗಳ ನಡುವಿನ ಚರ್ಮದಲ್ಲಿ ಸಣ್ಣ ಕಚ್ಚು. ಒಂದು ಕಾಲಿಗೆ ಎರಡು ಜಾಗ, ಎರಡು ಕಾಲಿಗೆ ನಾಲ್ಕು. ಮರಿ ಒಡೆದ ದಿನವೇ ಒಂದೊಂದು ಹೇಂಟೆಯ ಮರಿಗಳಿಗೆ ಒಂದೊಂದು ಬಗೆಯಲ್ಲಿ ಕಚ್ಚು ಹಾಕುತ್ತಾಳಂತೆ. ಊರೆಲ್ಲ ತಿರುಗಿದ ಕೋಳಿಯ ಕಾಲು ಹಿಡಿದರೂ ತಾಯಿ ಯಾರೆಂದು ಹೇಳಬಲ್ಲಳು.

ಬೆರಳಗಲದ ತಗಡಿನಲ್ಲಿ ತೂತಿಗೆ ನಾಲ್ಕು ಜಾಗ ಗೊತ್ತು ಮಾಡಿ, ಬಗೆಗಳನ್ನೆಲ್ಲ ಬರೆದೆ. ಹದಿನೈದೇ ಆದವು. ಹದಿನಾರನೆಯ ತಾಯಿಯ ಮೂವತ್ತು ಬುಟ್ಟಿಗಳನ್ನು ಬೇಲಿಯಾಚೆ ಎಸೆಯಲು ಹೇಳಿಬಿಟ್ಟೆ.

ಮುದ್ದಿ ಅಲುಗಲಿಲ್ಲ. "ಏನೂ ಕುಯ್ಯದ ಕಾಲೂ ಒಂದ್ ಗುರುತೇ ಅಲ್ವಾ ರೈಟ್ರೇ? ಅದ್ಕೂ ಅವ್ವ ಅವ್ಳೆ."

ಮತ್ತೆ ಲೆಕ್ಕ ಹಾಕಿದೆ. ತೂತು ಇದ್ದರೊಂದು, ಇಲ್ಲದಿದ್ದರೊಂದು: ಒಂದು ಜಾಗಕ್ಕೆ ಎರಡು ಬಗೆ, ಎರಡಕ್ಕೆ ನಾಲ್ಕು, ಮೂರಕ್ಕೆ ಎಂಟು, ನಾಲ್ಕಕ್ಕೆ ಹದಿನಾರು. ಒಂದೂ ಸಾಲದೆ ಹೋಗಲಿಲ್ಲ, ಒಂದೂ ಮಿಗಲಿಲ್ಲ. ಇಷ್ಟು ದೊಡ್ಡ ವಿಷಯ ಕೋಳಿಯ ಕಾಲಿನಲ್ಲಿ ಓಡಾಡುತ್ತಿತ್ತು, ನನಗೆ ಕಂಡಿರಲಿಲ್ಲ. ನಾನು ಗೀಚಿದ್ದ ತಗಡನ್ನೇ ಕತ್ತರಿಸಿದಾಗ ನಾನೂರ ಎಂಬತ್ತು ಸಸಿಗೂ ಆಗಿ ಮಿಕ್ಕಿತು. ಹದಿನಾರನೆಯ ತಾಯಿಯ ಸಸಿಗಳಿಗೆ ಗುರುತಿನ ತೂತಿಲ್ಲದ ತಗಡು ಕಟ್ಟಿದೆ.

ನಾಲ್ಕನೆಯ ವರ್ಷ ರೋಗ ಮರಳಿ ಬಂತು. ಎಲೆ ಉದುರಿದ ಸಾಲುಗಳ ನಡುವೆ ಅಲ್ಲೊಂದು ಇಲ್ಲೊಂದು, ಇಪ್ಪತ್ತೇಳು ಗಿಡ ಹಸಿರಾಗಿ ನಿಂತಿದ್ದವು. ಬೋಜಪ್ಪನವರು ನನ್ನ ತೋಳು ಹಿಡಿದು ಏದುಸಿರು ಬಿಡುತ್ತ ಬಂದರು.

"ಇದ್ ಯಾವ ತಾಯಿದ್, ಕೃಷ್ಣಪ್ಪ?"

ಪಾಚಿ ಉಜ್ಜಿ ತಗಡಿನ ಮೇಲೆ ಹೆಬ್ಬೆರಳು ಆಡಿಸಿದೆ. ಗುರುತಿನ ತೂತು ಒಂದೂ ಇಲ್ಲ. ಮುಂದಿನದರಲ್ಲೂ ಇಲ್ಲ. ಇಪ್ಪತ್ತೇಳನ್ನೂ ಮುಟ್ಟಿ ಬಂದ ಮೇಲೆ, ಇವನ್ನು ನಾನು ಎಸೆಯಲು ಹೇಳಿದ್ದೆ, ಮುದ್ದಿ ಎಸೆಯಲಿಲ್ಲ ಎಂದು ಅವರಿಗೆ ಹೇಳಿದೆ.