ನಡಾವಳಿಯಲ್ಲಿ ನನ್ನ ಹೂಂ

ಮೇಲ್ವಿಚಾರಕ ಉತ್ತರಪತ್ರಿಕೆ ಕಿತ್ತುಕೊಂಡಾಗ ನನ್ನ ತಂಗಿ ಕಡ್ಡಿಯ ಪೆನ್ನು ಇನ್ನೂ ಕಾಗದದ ಮೇಲೇ ಇತ್ತು. ಎಳೆದ ರಭಸಕ್ಕೆ ಏಳನೆಯ ಉತ್ತರದ ಮೇಲೆ ಉದ್ದಕ್ಕೆ ಒಂದು ಗೀರು ಬಿತ್ತು. ಎಂಟು, ಒಂಬತ್ತು, ಹತ್ತು ಖಾಲಿ. ಮೂರಕ್ಕೂ ಅವಳಿಗೆ ಉತ್ತರ ಗೊತ್ತಿತ್ತು. ಆದರೆ ನಮ್ಮ ಭಾಷೆಯಲ್ಲಿ ಗೊತ್ತಿತ್ತು.

"ಸರ್, ನಮಗೆ ಅರ್ಧ ಗಂಟೆ ಜಾಸ್ತಿ ಇದೆ," ಎಂದಳು.

"ಇತ್ತು. ಈ ಸಲದಿಂದ ತೆಗೆದಿದಾರೆ. ನಿಮ್ಮ ಪ್ರತಿನಿಧೀನೇ ಒಪ್ಪಿದಾಳಂತಲ್ಲ, ಹೋಗಿ ಅವಳನ್ನ ಕೇಳು."

ಪ್ರತಿನಿಧಿ ಎಂದರೆ ನಾನು.

ಕಡ್ಡಿ ನನ್ನ ಚಿಕ್ಕಮ್ಮನ ಮಗಳು, ನರ್ಸಿಂಗ್ ಓದುತ್ತಿದ್ದಳು. ಆಸ್ಪತ್ರೆಯ ಹಾಸಿಗೆಗಿಂತ ತೆಳ್ಳಗಿರುವ ನರ್ಸು ಎಂದು ತರಗತಿಯವರು ಇಟ್ಟ ಹೆಸರು ಅದು. ಈ ವಿಶ್ವವಿದ್ಯಾಲಯದಲ್ಲಿ ನಮ್ಮವರು ನೂರಕ್ಕೆ ಇಬ್ಬರೂ ಇಲ್ಲ. ಶಾಲೆಯನ್ನು ನಮ್ಮ ಭಾಷೆಯಲ್ಲಿ ಮುಗಿಸಿ ಬಂದವರು. ಪ್ರಶ್ನೆಯನ್ನು ಮನಸ್ಸಿನಲ್ಲೇ ನಮ್ಮ ಕಡೆಗೆ ತಿರುಗಿಸಿಕೊಳ್ಳಬೇಕು, ಉತ್ತರವನ್ನು ಮತ್ತೆ ಇಲ್ಲಿಯವರ ಭಾಷೆಗೆ ತಿರುಗಿಸಿ ಬರೆಯಬೇಕು. ಆ ಓಡಾಟಕ್ಕೆಂದು ನಮಗಿಂತ ಮುಂಚಿನವರು ಜಗಳವಾಡಿ ಪಡೆದದ್ದು ಆ ಅರ್ಧ ಗಂಟೆ.

ಆ ಸಲ ನಮ್ಮವರು ಹನ್ನೊಂದು ಮಂದಿ ನಪಾಸಾದರು. ಕಡ್ಡಿಗೆ ಅದು ಎರಡನೆಯ ಸಲ. ಮೂರನೆಯದಕ್ಕೆ ನಿಯಮದಲ್ಲಿ ಜಾಗವಿಲ್ಲ. ಹಾಸಿಗೆ ಸುತ್ತಿಕೊಂಡು ಊರಿಗೆ ಹೋಗಬೇಕು.

"ನೀನು ಒಪ್ಪಿದ್ಯಾ ಅಕ್ಕ?"

"ಇಲ್ಲ ಕಣೇ. ನನ್ನಾಣೆಗೂ ಇಲ್ಲ."

"ಮತ್ತೆ ಅವರಿಗೇನು ಕನಸು ಬಿತ್ತಾ? ಕನಸು ಬೀಳೋದು ನಿನಗಲ್ವಾ, ಹಾಡಹಗಲಲ್ಲೂ."

ನಾನು ಕುಲಸಚಿವರ ಕಚೇರಿಗೆ ಹೋದೆ. ಅವರು ಬೈಯಲಿಲ್ಲ. "ಕೂತ್ಕೋಮ್ಮ," ಎಂದರು. ನೀರು ತರಿಸಿದರು. ಆಮೇಲೆ, ಪರೀಕ್ಷೆಗೆ ಮುಂಚೆ ನಾನೂ ಕೂತಿದ್ದ ಸಭೆಯ ಧ್ವನಿಮುದ್ರಣ ಹಾಕಿದರು.

ಮೊದಲು ಅವರದೇ ದನಿ. "ಈ ಅರ್ಧ ಗಂಟೆ ಬೇರೆಯವರಿಗೆ ಅನ್ಯಾಯ ಅನ್ಸತ್ತೆ."

"ಹೂಂ."

"ಅದನ್ನ ಕೈಬಿಡೋದು ಅಂತ ಯೋಚನೆ."

"ಹೂಂ."

ಆ ಹೂಂ ನನ್ನದೇ. ಪುಟ್ಟ ಮಗುವಿನ ದನಿಯಂತಿತ್ತು. ಅದರ ಬೆನ್ನಿಗೇ ಅವರು ಮುಂದಿನ ವಿಷಯಕ್ಕೆ ಹೋಗಿದ್ದರು. ನನಗೆ ಬಾಯಿ ತೆರೆಯಲು ಜಾಗವೇ ಇರಲಿಲ್ಲ.

ನನ್ನನ್ನು ಬೆಳೆಸಿದ್ದು ಅಜ್ಜಿ. ಸಂಜೆ ಒಗೆದ ಬಟ್ಟೆ ಮಡಿಸುತ್ತಾ ಕಥೆ ಹೇಳುವಳು. ಮಾತು ಮಾತಿಗೂ ನಾನು ಹೂಂ ಅನ್ನಬೇಕು. ಅನ್ನದಿದ್ದರೆ ಕಥೆ ಅಲ್ಲಿಗೇ ನಿಲ್ಲುತ್ತಿತ್ತು. ರಾಜಕುಮಾರಿ ಬಾವಿಯೊಳಗೇ ಇರಬೇಕಾಗುತ್ತಿತ್ತು. ರಾಕ್ಷಸ ಊರು ನುಂಗಿದ ಎಂದರೂ ಹೂಂ. ಹಾಗೆಂದರೆ ರಾಕ್ಷಸನಿಗೆ ನನ್ನ ಒಪ್ಪಿಗೆ ಇದೆ ಎಂದಲ್ಲ. ಕೇಳುತ್ತಿದ್ದೇನೆ, ಹೇಳು ಎಂದು. ನಮ್ಮವರೆಲ್ಲ ಹೀಗೇ. ದೊಡ್ಡವರು ಮಾತಾಡುವಾಗ ಸುಮ್ಮನೆ ಕೂರುವುದು ನಮ್ಮಲ್ಲಿ ಅವಮಾನ.

"ಸರ್, ಅದು ಕೇಳಿಸ್ಕೋತಾ ಇದೀನಿ ಅನ್ನೋ ಹೂಂ. ಒಪ್ಪಿದ ಹೂಂ ಅಲ್ಲ."

ಅವರು ನಕ್ಕರು. "ಹೂಂನಲ್ಲಿ ಎಷ್ಟು ಥರ ಇದೆಯಮ್ಮ? ಸಭೇಲಿ ಹೂಂ ಅಂದ್ರೆ ಹೂಂ. ನನಗೂ ಅದೇ, ನಿನಗೂ ಅದೇ. ಈ ಧ್ವನಿಮುದ್ರಣ ಅವತ್ತವತ್ತೇ ಮೇಲಿನ ಮಂಡಳಿಗೆ ಹೋಗತ್ತೆ, ನಾನೂ ಏನೂ ಮಾಡೋಕಾಗಲ್ಲ."

ನಡಾವಳಿ ಬರೆಯುವ ಗುಮಾಸ್ತೆ ಮೇಡಂ ಪಕ್ಕದ ಮೇಜಿನಲ್ಲಿದ್ದರು. ನಾನು ಅವರತ್ತ ನೋಡಿದೆ. "ಕೇಳಿದ್ದು ಬರೆಯೋದು ನನ್ನ ಕೆಲಸ," ಎಂದರು, ತಲೆ ಎತ್ತದೆ.

ನಾನು ಅಳಲಿಲ್ಲ. ಮೆಟ್ಟಿಲ ಮೇಲೆ ಕೂತು ಅವರ ಮಾತನ್ನು ಒಂದಕ್ಷರ ಬಿಡದೆ ಬರೆದುಕೊಂಡೆ. ನನಗೆ ನ್ಯಾಯ ಬೇಕಿತ್ತು, ನಿಜ. ಅದಕ್ಕಿಂತ ಮೊದಲು ಆ ನಗು ಬೇಕಿತ್ತು. ಅವರ ಮುಖದಿಂದ ಅದನ್ನು ಬೇರುಸಮೇತ ಕೀಳಬೇಕಿತ್ತು.

ಮುಂದಿನ ಸಭೆಗೆ ಹತ್ತು ದಿನ. ನಮ್ಮಂಥವರು ಮಾತಾಡುವಾಗ ಅವರು ಮೊಬೈಲು ನೋಡುತ್ತಾರೆ, ನೋಡುತ್ತಲೇ ಹೂಂಗುಟ್ಟುತ್ತಾರೆ. ಅದು ನನಗೆ ಗೊತ್ತಿತ್ತು. ಹಾಸ್ಟೆಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕಡ್ಡಿ ಕುಲಸಚಿವಳಾಗಿ ಕೂತಳು, ಕೈಯಲ್ಲಿ ಸೋಪಿನ ಡಬ್ಬಿ ಹಿಡಿದು. ನಾನು ಅಜ್ಜಿಯ ಹಾಗೆ ಹೇಳತೊಡಗಿದೆ. ದನಿ ತಗ್ಗಿಸುವುದು, ಕೊನೆಯ ಪದವನ್ನು ಸ್ವಲ್ಪ ಎಳೆಯುವುದು, ಉಸಿರು ಹಿಡಿದು ನಿಲ್ಲುವುದು. ಅಲ್ಲಿ ಹೂಂ ತಾನಾಗಿ ಬರುತ್ತದೆ.

"ಛೆ, ನಂಗೂ ಬಂದ್ಬಿಡ್ತು," ಎಂದಳು ಕಡ್ಡಿ. "ತಡ್ಕೊಂಡ್ರೂ ಬರತ್ತೆ ಕಣೇ ಅಕ್ಕ."

ಸಭೆಯ ದಿನ ಮೇಜಿನ ಸುತ್ತ ಆರು ಅಧ್ಯಾಪಕರು. ನಡುವೆ ಧ್ವನಿಮುದ್ರಣದ ಯಂತ್ರ, ಅದರ ಕೆಂಪು ದೀಪ. ತೆರೆದ ಬಾಗಿಲಾಚೆ ನಮ್ಮ ಹನ್ನೊಂದು ಮಂದಿ ಗೋಡೆಗೆ ಒರಗಿ ನಿಂತಿದ್ದರು.

"ಪ್ರತಿನಿಧಿ ಏನಾದ್ರೂ ಹೇಳೋದಿದ್ರೆ ಎರಡು ಮಾತು," ಎಂದು ಅಧ್ಯಕ್ಷರ ಕುರ್ಚಿಯಲ್ಲಿದ್ದ ಕುಲಸಚಿವರು ಮೊಬೈಲು ತೆಗೆದರು.

"ಸರ್, ನಮ್ಮಲ್ಲಿ ಹನ್ನೊಂದು ಜನ ನಪಾಸಾಗಿದಾರೆ…"

"ಹೂಂ."

"ಅವರನ್ನ ಕೇಳದೇ ಅರ್ಧ ಗಂಟೆ ತೆಗೆದದ್ದು ಕಚೇರಿಯ ತಪ್ಪು…"

"ಹೂಂ."

ಒಬ್ಬ ಅಧ್ಯಾಪಕರು ತಲೆ ಎತ್ತಿದರು. ನಾನು ದನಿ ಏರಿಸಲಿಲ್ಲ.

"ಆ ಅರ್ಧ ಗಂಟೆ ವಾಪಸ್ ಕೊಡೋದು…"

"ಹೂಂ, ಹೂಂ."

"ಆ ಪರೀಕ್ಷೆ ರದ್ದು ಮಾಡಿ ಮತ್ತೆ ಬರೆಸ್ತೀವಿ ಅಂತ ನೀವು ಪತ್ರ ಕೊಡೋದು…"

ಉಸಿರು ಹಿಡಿದು ನಿಂತೆ. ಅವರ ಹೆಬ್ಬೆರಳು ಪರದೆಯ ಮೇಲೆ ಜಾರುತ್ತಿತ್ತು.

"ಹೂಂ. ಮುಂದೆ?"

"ಮುಂದೆ ಏನಿಲ್ಲ ಸರ್. ಮೇಡಂ, ಬರ್ಕೊಂಡ್ರಾ?"

"ಬರ್ಕೊಂಡೆ," ಎಂದರು ಗುಮಾಸ್ತೆ ಮೇಡಂ. "ಅಧ್ಯಕ್ಷರು ಒಪ್ಪಿದರು. ನಾಲ್ಕಕ್ಕೂ."

ಮೊಬೈಲು ಮೇಜಿನ ಮೇಲೆ ಕೂತಿತು. "ಏನು ಒಪ್ಪಿದ್ದು? ನಾನು ಸುಮ್ನೆ ಕೇಳಿಸ್ಕೋತಾ ಇದ್ದೆ."

"ನಾನೂ ಅಷ್ಟೇ ಸರ್, ಅವತ್ತು."

ಅವರು ಗುಮಾಸ್ತೆಯತ್ತ ತಿರುಗಿದರು. "ಅದನ್ನ ಹೊಡೆದು ಹಾಕ್ರಿ."

"ಕೇಳಿದ್ದು ಬರ್ದಿದೀನಿ ಸರ್, ಯಾವತ್ತಿನ ಹಾಗೆ. ಇದನ್ನ ಹೊಡೆದ್ರೆ ಅದನ್ನೂ ಹೊಡೀಬೇಕಾಗತ್ತೆ."

ಅವರು ಕೆಂಪು ದೀಪ ನೋಡಿದರು. ಬಾಗಿಲಲ್ಲಿದ್ದವರನ್ನು ನೋಡಿದರು. ದನಿಗೆ ಜೇನು ಸವರಿಕೊಂಡರು. "ಸರಿಯಮ್ಮ. ನಿಂದೂ ಹೊಡೆಯೋಣ, ನಂದೂ ಹೊಡೆಯೋಣ. ಮುಂದಿನ ಪರೀಕ್ಷೆಯಿಂದ ಅರ್ಧ ಗಂಟೆ ತಗೊಳ್ಳಿ. ಆಯ್ತಲ್ಲ?"

ನಾಲಿಗೆಯ ತುದಿಗೆ ಅಭ್ಯಾಸಬಲದ ಹೂಂ ಬಂದೇ ಬಿಟ್ಟಿತ್ತು. ಕಚ್ಚಿ ಹಿಡಿದೆ. ಕಡ್ಡಿಗೆ ಮುಂದಿನ ಪರೀಕ್ಷೆ ಎಂಬುದಿಲ್ಲ.

"ಬೇಡ ಸರ್. ಎರಡೂ ಇರಲಿ. ನನ್ನ ಮುಖಕ್ಕೆ ಮಸಿ ಬಳಿದ ಪುಸ್ತಕದಲ್ಲೇ ನಿಮ್ಮದೂ ಇರಲಿ. ಸಭೇಲಿ ಹೂಂ ಅಂದ್ರೆ ಹೂಂ. ನನಗೂ ಅದೇ, ನಿಮಗೂ ಅದೇ."

ಅವರ ಮುಖದಲ್ಲಿ ನಗು ಹುಡುಕಿದೆ. ಇರಲಿಲ್ಲ. ನನಗೆ ಹೊಟ್ಟೆ ತಣ್ಣಗಾಯಿತು. ಸುಳ್ಳು ಯಾಕೆ ಹೇಳಲಿ.

"ಒಂದು ಪತ್ರ ಟೈಪ್ ಮಾಡಿಸಿ ಕಳಿಸ್ತೀನಿ," ಎಂದರು.

"ಒಂದಲ್ಲ, ಹನ್ನೊಂದು," ಎಂದಳು ಕಡ್ಡಿ, ಒಳಗೆ ಬರುತ್ತಾ. "ಒಬ್ಬೊಬ್ಬರ ಹೆಸರಿಗೆ ಒಂದೊಂದು. ನೀವೇ ಕೈಯಾರೆ ಬರೀರಿ. ಇಲ್ಲೇ."

ಅವರು ಅಧ್ಯಾಪಕರತ್ತ ನೋಡಿದರು. ಆರು ಮಂದಿಯೂ ತಂತಮ್ಮ ಕೈಬೆರಳು ನೋಡಿಕೊಳ್ಳುತ್ತಿದ್ದರು. ಕೊನೆಗೆ ಅವರು ಪೆನ್ನು ತೆಗೆದರು. "ಹೆಸರು?"

ಕಡ್ಡಿ ತನ್ನ ಹೆಸರು ಹೇಳಿದಳು. ಹಾಜರಿ ಪುಸ್ತಕದಲ್ಲಿ ಇಲ್ಲಿಯವರು ಮೊಟಕು ಮಾಡಿ ಬರೆದುಕೊಂಡದ್ದಲ್ಲ. ಅವಳಮ್ಮ ಕರೆಯುವ ಪೂರ್ತಿ ಹೆಸರು. ಅವರು ಬರೆದರು. ಅವಳು ಹಾಳೆ ತಿರುಗಿಸಿಕೊಂಡು ಓದಿದಳು.

"ತಪ್ಪು ಸರ್."

ಗುಮಾಸ್ತೆ ಮೇಡಂ ಇನ್ನೊಂದು ಹಾಳೆ ಮುಂದಿಟ್ಟರು. ಉಳಿದ ಹತ್ತು ಮಂದಿ ಒಳಗೆ ಬಂದು, ಯಾರೂ ಹೇಳದೆಯೇ, ಗೋಡೆಯ ಬದಿಯ ಕುರ್ಚಿಗಳನ್ನು ಎಳೆದುಕೊಂಡು ಕೂತರು.

"ಅವಸರ ಇಲ್ಲ ಸರ್," ಎಂದಳು ಕಡ್ಡಿ. "ನಿಧಾನಕ್ಕೆ ಬರೀರಿ."