ಸ್ಯಾಕ್‌ವಿಲ್ ಹೋಬಳಿಯ ಜಂತ್ರಡಿ

1755ರ ಆಗಸ್ಟಿನಲ್ಲಿ, ಸಭೆಯಿದೆ ಬನ್ನಿ ಎಂದು ಜೌಗು ನೆಲದ ಫ್ರೆಂಚ್ ಗಂಡಸರನ್ನು ಕೋಟೆಗೆ ಕರೆಸಿ, ಬಾಗಿಲು ಹಾಕಿ ಸೆರೆ ಹಿಡಿದರು. ಆಮೇಲೆ ಅವರನ್ನು ಹಡಗು ಹತ್ತಿಸಿ ಊರು ಬಿಡಿಸಿದರು. ಅವರು ಸಮುದ್ರಕ್ಕೆ ಒಡ್ಡು ಕಟ್ಟಿ ಬೇಸಾಯ ಮಾಡುತ್ತಿದ್ದ ಹೊಲಗಳನ್ನು ಬೇರೆಯವರಿಗೆ ಹಂಚಿದರು.

ನೈರೋಬಿಯ ಲ್ಯಾವಿಂಗ್ಟನ್‌ನಲ್ಲಿರುವ ಖಾಸಗಿ ಶಾಲೆಯೊಂದರ ಎಂಟನೇ ತರಗತಿಯವರು ಗೋಡೆಯ ಬೋರ್ಡಿಗೆ ಪಿನ್ನು ಚುಚ್ಚಿ ಹಾಕಿದ ಮೊದಲ ಕಾರ್ಡಿನಲ್ಲಿ ಇದ್ದದ್ದು ಇಷ್ಟೇ. ಆ ಶಾಲೆಯಲ್ಲಿ ಕಲಿಸುವುದು ಕೆನಡಾದ ಪಠ್ಯ. ಆಗಾಗ ಅಲ್ಲಿಂದ ಪರಿಶೀಲಕರು ಬಂದು ನೋಡಿ ಹೋಗುತ್ತಾರೆ. 2014ರ ಜೂನಿನಲ್ಲಿ ಅವರು ಬರುವವರಿದ್ದರು. ಅಷ್ಟರೊಳಗೆ ಕೆನಡಾದ ಒಂದು ಹಳ್ಳಿಗಾಡಿನ ಚರಿತ್ರೆ, ಭೂಗೋಳ ಎರಡನ್ನೂ ಮಕ್ಕಳ ಕೈಯಲ್ಲಿ ಮಾಡಿಸಿಡಿ ಎಂದು ಪ್ರಿನ್ಸಿಪಾಲ್ ಶ್ರೀನಿವಾಸಮೂರ್ತಿ ಭೂಗೋಳದ ಟೀಚರ್ ಫಿಲೋಮಿನಾಗೆ ಹೇಳಿದರು. ಮುಗಿಯಲಿದ್ದ ಅವಳ ಕಾಂಟ್ರಾಕ್ಟನ್ನು ನವೀಕರಿಸುವ ವಿಷಯವನ್ನೂ ಅದೇ ಉಸಿರಿನಲ್ಲಿ ಹೇಳಿದರು. ಇದು ಚೆನ್ನಾಗಿ ಆದರೆ ಅದೂ ಆಗುತ್ತದೆ ಎಂದು ಅರ್ಥ.

ಫಿಲೋಮಿನಾ ಕುಮಟಾ ಕಡೆಯವಳು, ಭಾನುವಾರ ತಪ್ಪದೆ ಪೂಜೆಗೆ ಹೋಗುವ ಕೊಂಕಣಿ ಕ್ರೈಸ್ತಳು. ಪುಸ್ತಕದಲ್ಲಿ ‘ಸ್ಯಾಕ್‌ವಿಲ್ ಪ್ಯಾರಿಷ್’ ಎಂದು ಕಂಡದ್ದೇ ಅದನ್ನೇ ಆರಿಸಿಬಿಟ್ಟಳು. ಪ್ಯಾರಿಷ್ ಎಂದರೆ ಇಗರ್ಜಿ. ಇಗರ್ಜಿ ಎಂದಮೇಲೆ ಒಬ್ಬ ಪಾದ್ರಿ, ಒಂದು ಗಂಟೆ, ವರ್ಷಕ್ಕೊಂದು ಹಬ್ಬ. ಮೊದಲು ಪಾದ್ರಿಯನ್ನು ಹುಡುಕಿ ಎಂದು ಮಕ್ಕಳನ್ನು ಕಂಪ್ಯೂಟರ್ ಕೋಣೆಗೆ ಅಟ್ಟಿದಳು. ವಾರವಾದರೂ ಪಾದ್ರಿ ಸಿಗಲಿಲ್ಲ. ಕೊನೆಗೆ ಪ್ರಿನ್ಸಿಪಾಲರ ಮಗಳು ಅಪೂರ್ವ ಬಂದು, “ಮಿಸ್, ದೇರ್ ಈಸ್ ನೋ ಪ್ರೀಸ್ಟ್. ಇಟ್ಸ್ ಜಸ್ಟ್ ಲ್ಯಾಂಡ್” ಎಂದಳು.

ಸ್ಟಾಫ್ ರೂಮಿನಲ್ಲಿ ಇದನ್ನು ಕೇಳಿ ಮೈಸೂರಿನ ಶ್ರೀನಿವಾಸಮೂರ್ತಿ ಹೊಟ್ಟೆ ಹಿಡಿದುಕೊಂಡು ನಕ್ಕರು. “ಅದು ನಮ್ಮ ಹೋಬಳಿ ಇದ್ದಂಗೆ ಕಣ್ರೀ ಫಿಲೋಮಿನಾ. ಸಿವಿಲ್ ಪ್ಯಾರಿಷ್ ಅಂದ್ರೆ ಬರೀ ಗಡಿ ಲೆಕ್ಕ. ಒಳ್ಳೇದಾಯ್ತು, ನಾಡಕಚೇರಿಗೆ ಹೋಗಿ ಮೊಂಬತ್ತಿ ಹಚ್ಚೋಕೆ ಹೊರಟಿದ್ರಿ ನೀವು.”

ಅಂದಿನಿಂದ ತರಗತಿಯಲ್ಲಿ ಅದಕ್ಕೆ ಹೋಬಳಿ ಎಂದೇ ಹೆಸರು. ಕನ್ನಡ ಒಂದಕ್ಷರ ತಿಳಿಯದ ಮಕ್ಕಳೂ ‘ಅವರ್ ಹೋಬ್ಲಿ’ ಎನ್ನತೊಡಗಿದರು.

ಪಾದ್ರಿ ಹೋದಮೇಲೆ ನೆಲ ಕಾಣಿಸಿತು. ಕೊಲ್ಲಿಯ ತುದಿಯಲ್ಲಿ ಮೈಲಿಗಟ್ಟಲೆ ಜೌಗು. ಲೋಕದಲ್ಲೇ ಎಲ್ಲಕ್ಕಿಂತ ಎತ್ತರ ಏರುವ ಭರತ ಅಲ್ಲಿಯದು. ನೀರು ಮೂರಂತಸ್ತಿನ ಮನೆಯಷ್ಟು ಏರಿ ಇಳಿಯುತ್ತದೆ. ಹಕ್ಕಿಗಳ ಗದ್ದಲಕ್ಕೆ ಕಿವಿಗೊಟ್ಟ ಫ್ರೆಂಚ್ ರೈತರು ಆ ಜೌಗಿಗೆ ಗದ್ದಲವೆಂದೇ ಹೆಸರಿಟ್ಟರಂತೆ. ಆ ಭರತವನ್ನು ಅವರು ತಡೆದದ್ದು ಹೇಗೆ ಎಂದು ತೋರಿಸುವ ಚಿತ್ರವೊಂದು ಪುಸ್ತಕದ ಮೂಲೆಯಲ್ಲಿತ್ತು. ಒಡ್ಡಿನ ಅಡಿಯಲ್ಲಿ ಟೊಳ್ಳು ಮರ, ಅದರೊಳಗೆ ಮೇಲಿನಿಂದ ಜೋಲುವ ಹಲಗೆ. ಇಳಿತದಲ್ಲಿ ಹೊಲದ ಸಿಹಿನೀರು ಹಲಗೆಯನ್ನು ತಳ್ಳಿಕೊಂಡು ಹೊರಗೆ ಹೋಗುತ್ತದೆ. ಭರತ ಬಂದಾಗ ಸಮುದ್ರವೇ ಹಲಗೆಯನ್ನು ಒತ್ತಿ ಮುಚ್ಚುತ್ತದೆ.

ಫಿಲೋಮಿನಾ ಕುರ್ಚಿಯಿಂದ ಎದ್ದೇಬಿಟ್ಟಳು. ಇದು ಜಂತ್ರಡಿ. ಅಘನಾಶಿನಿಯ ಗಜನಿ ಗದ್ದೆಗಳಲ್ಲಿ, ಉಪ್ಪುನೀರಿಗೆ ಹೆದರದ ಕಗ್ಗ ಭತ್ತ ಬೆಳೆಯುವಲ್ಲಿ, ಒಡ್ಡಿಗೆ ಇಡುವ ಅದೇ ಬಾಗಿಲು. ಸೀಮೆಸುಣ್ಣ ಮುರಿಯುವಂತೆ ಒತ್ತಿ ಬೋರ್ಡಿನ ಮೇಲೆ ಫ್ರೆಂಚರ ‘ಅಬ್ವಾತೋ’, ಪಕ್ಕದಲ್ಲಿ ಕನ್ನಡದಲ್ಲಿ ‘ಜಂತ್ರಡಿ’ ಬರೆದಳು. ಯಾವ ದೊರೆಯೂ ಯಾರಿಗೂ ಇದನ್ನು ಕಲಿಸಿಕೊಡಲಿಲ್ಲ. ಎರಡು ಸಮುದ್ರದ ಕೆಸರಿನಲ್ಲಿ ಮೊಣಕಾಲುದ್ದ ನಿಂತವರಿಗೆ ಒಂದೇ ಬುದ್ಧಿ ಹೊಳೆಯಿತು. ಆ ಬುದ್ಧಿಯ ಫಲವನ್ನು ಬಂದೂಕಿದ್ದವರು ಹಂಚಿಕೊಂಡರು.

ಮಾಡಿ ನೋಡೋಣ ಎಂದರು ಮಕ್ಕಳು. ಸತುವಿನ ತಟ್ಟೆ, ಆಟದ ಬಯಲಿನ ಕೆಂಪು ಮಣ್ಣು, ಒಂದು ತುಂಡು ಪೈಪು, ಯಾರದೋ ಹವಾಯಿ ಚಪ್ಪಲಿಯಿಂದ ಕತ್ತರಿಸಿದ ರಬ್ಬರಿನ ಹಲಗೆ. ಸಮುದ್ರಕ್ಕೆ ಅಡುಗೆ ಉಪ್ಪು. ಮೊದಲ ಸಲ ಹಲಗೆ ತಿರುಗುಮುರುಗಾಗಿ ಸಮುದ್ರ ಒಳಗೆ ನುಗ್ಗಿತು, ಬೆಂಕಿಪೊಟ್ಟಣದ ಮನೆಗಳು ತೇಲಿಹೋದವು. ಮರುದಿನ ಮತ್ತೆ ಸುರಿದರು. ಉಪ್ಪುನೀರು ಏರಿತು, ಏರಿತು, ಒಡ್ಡಿನ ನೆತ್ತಿ ಮುಟ್ಟಿತು. ಹಲಗೆ ಕಚ್ಚಿಕೊಂಡು ನಿಂತಿತು. ಒಬ್ಬೊಬ್ಬರೂ ಹೊಲದ ಕಡೆಯ ನೀರಿಗೆ ಬೆರಳದ್ದಿ ನೆಕ್ಕಿದರು. ಸಪ್ಪೆ. ಇಡೀ ತರಗತಿ ಕೂಗಿದ ಕೂಗಿಗೆ ಹೊಡೆದಾಟವೆಂದು ಪ್ರಿನ್ಸಿಪಾಲರು ಓಡಿ ಬಂದರು.

ಬಂದವರು ತಾವೂ ಬಗ್ಗಿ ಸಮುದ್ರದ ಕಡೆಯಿಂದ ಹಲಗೆಯನ್ನು ಬೆರಳಿನಿಂದ ತಳ್ಳಿದರು.

“ಇನ್ನೂ ಒತ್ತಿ ಸರ್. ಆ ಬದಿಯಿಂದ ಒತ್ತಿದಷ್ಟೂ ಬಿಗಿ” ಎಂದಳು ಫಿಲೋಮಿನಾ. “ಯಾರೂ ಹಿಡಕೊಂಡು ನಿಲ್ಲೂದು ಬೇಡ.”

ಅವರು ಮಗುವಿನಂತೆ ಖುಷಿಪಟ್ಟರು. ಪರಿಶೀಲಕರಿಗೆ ಮೊದಲು ತೋರಿಸುವುದು ಇದನ್ನೇ ಎಂದು ಹೇಳಿ ಹೋದರು.

ಕಿಟಕಿಯ ಪಕ್ಕದ ಬೆಂಚಿನ ವಾಂಬುಯಿಗೆ ಒಂದು ಪ್ರಶ್ನೆಯಿತ್ತು. ಅವಳು ಶಾಲೆಯ ದತ್ತಿಯಲ್ಲಿ, ಫೀಸಿಲ್ಲದೆ ಓದುತ್ತಿದ್ದ ಹುಡುಗಿ. ಶಾಲೆಯ ಕರಪತ್ರದಲ್ಲಿ ನಗುವ ಮುಖ ಅವಳದೇ. ಫ್ರೆಂಚರಿಗಿಂತ ಮೊದಲು ಅಲ್ಲಿ ಯಾರಿದ್ದರು ಎಂದು ಕೇಳಿದಳು. ಹುಡುಕಿದರು, ಮಿಕ್‌ಮಾಕ್ ಜನ ಸಿಕ್ಕರು. ಅವರದೊಂದು ಕಾರ್ಡು ಎಲ್ಲಕ್ಕಿಂತ ಮೇಲೆ ಏರಿತು. ವಾಂಬುಯಿ ಕುಳಿತುಕೊಳ್ಳಲಿಲ್ಲ. ಕಿಟಕಿಯಾಚೆ, ತೊರೆಯ ಅಂಚಿನ ಶಾಲೆಯ ಫುಟ್ಬಾಲ್ ಮೈದಾನದ ಕಡೆಗೆ ಕೈ ತೋರಿ, “ಅಂಡ್ ಹಿಯರ್, ಮಿಸ್?” ಎಂದಳು.

ಹುಡುಕಿ ಎಂದಳು ಫಿಲೋಮಿನಾ. ಬೇರೆ ಏನು ಹೇಳಬಹುದಿತ್ತು?

ಮಕ್ಕಳು ಹೊಸ ಹುರುಪಿನಲ್ಲಿ ಬಿದ್ದರು. ವಾಂಬುಯಿಯ ಅಜ್ಜಿಯನ್ನು ಕೇಳಿದರು, ಗೇಟಿನಾಚೆ ಜೋಳ ಸುಡುವವರನ್ನು ಕೇಳಿದರು, ಮೈದಾನದಲ್ಲಿ ಹೆಜ್ಜೆ ಹಾಕಿ, ಅಲ್ಲಿ ಮೊದಲಿದ್ದ ಕೇರಿಯ ನಕಾಶೆ ಬರೆದರು. ಇಲ್ಲಿ ನಲ್ಲಿ, ಇಲ್ಲಿ ಚಹದಂಗಡಿ, ಈ ಗೋಲ್‌ಕಂಬದ ಜಾಗದಲ್ಲಿ ವಾಂಬುಯಿಯ ಮನೆ. ಪೆನಾಲ್ಟಿ ಬಾಕ್ಸಿನಲ್ಲಿ ತಗಡಿನ ಚರ್ಚು. ಅದಕ್ಕೊಬ್ಬ ಪಾದ್ರಿಯೂ ಇದ್ದನಂತೆ. ವಾರವಿಡೀ ಕೆನಡಾದಲ್ಲಿ ಹುಡುಕಿದ ಪಾದ್ರಿ ಇಲ್ಲಿದ್ದ ಎಂದು ತರಗತಿ ಕೇಕೆ ಹಾಕಿತು. ಫಿಲೋಮಿನಾ ನಕ್ಕಳು, ನಗುತ್ತಲೇ ಕಿಟಕಿಯಾಚೆಯ ಗೋಲ್‌ಕಂಬದ ಕಡೆ ನೋಡಿದಳು.

ವಾಂಬುಯಿ ಕಾರ್ಡು ಬರೆದಳು. ಸಭೆಯಿದೆ ಬನ್ನಿ ಎಂದು 2011ರಲ್ಲಿ ತೊರೆಯಂಚಿನವರನ್ನು ಬರಾಜಾ ಎಂಬ ಊರಸಭೆಗೆ ಕರೆದರು. ಅವರು ಹಿಂದಿರುಗುವಷ್ಟರಲ್ಲಿ ಬುಲ್ಡೋಜರ್ ಕೆಲಸ ಮುಗಿಸಿತ್ತು. ಅಲ್ಲೀಗ ನಾವು ಫುಟ್ಬಾಲ್ ಆಡುತ್ತೇವೆ. ಆ ಕಾರ್ಡನ್ನು ಕೋಟೆಯ ಕಾರ್ಡಿನ ಪಕ್ಕದಲ್ಲೇ, ಅದರ ಮಟ್ಟಕ್ಕೇ ಚುಚ್ಚಿದಳು.

ಪರಿಶೀಲಕರು ಬರುವ ಹಿಂದಿನ ದಿನ ಶ್ರೀನಿವಾಸಮೂರ್ತಿ ಗೋಡೆ ನೋಡಲು ಬಂದರು. ಓದಿದರು. ಮಕ್ಕಳನ್ನು ಹೊರಗೆ ಕಳಿಸಿದರು; ಮಕ್ಕಳು ಬಾಗಿಲಿನಾಚೆಗಷ್ಟೇ ಹೋದರು. ಶಾಲೆ ಆ ಜಾಗವನ್ನು ಕಾನೂನುಬದ್ಧವಾಗಿಯೇ ಗೇಣಿಗೆ ಪಡೆದಿದೆ, ಮನೆ ಕೆಡವಿದ್ದು ಶಾಲೆಯಲ್ಲ ಎಂದರು. ವಾಂಬುಯಿಗೆ ಸೀಟು ಕೊಡಿಸಿದ್ದು ತಾವೇ ಎಂದರು, ಅದು ನಿಜ. ಆಮೇಲೆ ಕೋಟೆಯ ಕಾರ್ಡಿನ ಮೇಲೆ ಬೆರಳಿಟ್ಟು ಮೆತ್ತಗೆ ಹೇಳಿದರು: “ಇದು ಇರಲಿ. ಕೆನಡಾದವರೇ ಒಪ್ಪಿಕೊಂಡಿದಾರೆ, ಇನ್ನೂರೈವತ್ತು ವರ್ಷದ ಮಾತು. ಅದೊಂದನ್ನ ತೆಗೀರಿ.”

“ಎಷ್ಟು ವರ್ಷ ಆದ್ಮೇಲೆ ಹಾಕ್ಬಹುದು ಸರ್?”

ಅವರು ನಗಲಿಲ್ಲ. ಅವಳ ಕಾಂಟ್ರಾಕ್ಟು ತಮ್ಮ ಮೇಜಿನ ಮೇಲಿದೆ ಎಂದರು, ನಾಳೆ ಸಂಜೆ ಸಹಿ ಹಾಕಬೇಕೆಂದಿದ್ದೇನೆ ಎಂದರು. ಸಹಿಯಿಲ್ಲದಿದ್ದರೆ ಪರ್ಮಿಟ್ಟಿಲ್ಲ, ಪರ್ಮಿಟ್ಟಿಲ್ಲದಿದ್ದರೆ ಎಂಬಕಸಿ ನಿಲ್ದಾಣದಿಂದ ಊರಿನ ವಿಮಾನ. ಅದನ್ನು ಅವರು ಬಾಯಿಬಿಟ್ಟು ಹೇಳಬೇಕಿರಲಿಲ್ಲ.

“ಒಂದು ಪಿನ್ನು, ಫಿಲೋಮಿನಾ. ಕಿತ್ತರೆ ಆಯ್ತು. ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು.”

ಫಿಲೋಮಿನಾ ಗೋಡೆಯ ಬಳಿ ಹೋದಳು. ವಾಂಬುಯಿಯ ಕಾರ್ಡಿನ ಪಿನ್ನು ಅರ್ಧ ಹೊರಗೆ ಬಂದು ಸಡಿಲವಾಗಿತ್ತು. ಬೆರಳು ತಾಗಿದರೆ ಬೀಳುವಂತಿತ್ತು. ಅವಳು ಅದರ ತಲೆಯ ಮೇಲೆ ಹೆಬ್ಬೆರಳಿಟ್ಟು, ಉಗುರು ಬೆಳ್ಳಗಾಗುವಷ್ಟು ಒತ್ತಿ, ಒಳಗೆ ಕೂರಿಸಿದಳು.

“ತೆಗಿಯೂದಿಲ್ಲ ಸರ್” ಎಂದಳು.